ಚಲಚ್ಚಿತ್ರ ಸಂಕಲನವೂ ಸ್ವಪ್ನಪ್ರತೀತಿಯೂ

ಕನಸಿನಲ್ಲಿ ಊರಿಂದೂರಿಗೆ ಹೋಗುವವನು ದಾರಿಯನ್ನು ಸವೆಸುವುದಿಲ್ಲ. ಈ ಕ್ಷಣದಲ್ಲಿ ಮನೆಯ ಜಗಲಿಯ ಮೇಲಿದ್ದವನು ಮರುಕ್ಷಣದಲ್ಲಿ ನದೀತೀರದಲ್ಲಿರುತ್ತಾನೆ. ಅದರಲ್ಲಿ ಅಸಂಗತವೇನೂ ಅವನಿಗೆ ತೋರುವುದಿಲ್ಲ. ಎಚ್ಚರದಲ್ಲಿ ಇಂತಹ ನೆಗೆತವನ್ನು ಯಾರೂ ನಂಬರು. ಚಲಚ್ಚಿತ್ರವನ್ನು ನೋಡುವಾಗ ಮಾತ್ರ ಎಲ್ಲರೂ ನಂಬುತ್ತಾರೆ. ತುಂಡುತುಂಡಾಗಿ ತೆಗೆದ ಚಿತ್ರಗಳನ್ನು ಆಯ್ದು ಜೋಡಿಸುವ ಸಂಕಲನಕಾರ್ಯವು ಈ ನಂಬಿಕೆಯ ಮೇಲೆಯೇ ನಿಂತಿರುವುದು. ಅಮೆರಿಕದ ಪ್ರಸಿದ್ಧ ಸಂಕಲನಕಾರರಾದ ವಾಲ್ಟರ್ ಮರ್ಚ್ ಅವರು 1990ರ ದಶಕದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕನಸಿನ ಅಭ್ಯಾಸವೂ ರೆಪ್ಪೆ ಮಿಟುಕಿಸುವ ರೂಢಿಯೂ ಈ ನೆಗೆತವನ್ನು ಸಹಜವೆನಿಸುತ್ತವೆಂದು ವಾದಿಸಿದ್ದಾರೆ. ಈ ಮಾತು ಒಪ್ಪತಕ್ಕುದೇ, ಆದರೆ ಪೂರ್ಣವಲ್ಲ. ನೋಡುವವನು ನೆಗೆತವನ್ನು ಏಕೆ ಸಹಿಸುತ್ತಾನೆಂಬುದು ಇದರಿಂದ ತಿಳಿಯುತ್ತದೆ. ಕಂಡುದನ್ನು ಏಕೆ ಸತ್ಯವೆಂದು ಬಗೆಯುತ್ತಾನೆಂಬುದು ತಿಳಿಯದು.

ಈ ಎರಡನೆಯ ಪ್ರಶ್ನೆಗೆ ಕನ್ನಡದಲ್ಲಿಯೇ ಹಳೆಯ ನಿದರ್ಶನವೊಂದುಂಟು. ಜನ್ನನು 1209ರಲ್ಲಿ ರಚಿಸಿದ ‘ಯಶೋಧರಚರಿತೆ’ಯಲ್ಲಿ ಅರಸನು, ರಾಣಿ ಅಮೃತಮತಿಯು ಮಾವುತನಲ್ಲಿಗೆ ಹೋದುದನ್ನು ಕಣ್ಣಾರೆ ಕಾಣುತ್ತಾನೆ. ಮರುದಿನ ಅದನ್ನು ಕೆಟ್ಟ ಕನಸೆಂದು ಮರೆಸಿ ತಾಯಿಗೆ ಹೇಳುತ್ತಾನೆ. ಕೇಡನ್ನು ಕಳೆಯಲು ಬಲಿಯಾಗಬೇಕೆಂದು ತಾಯಿ ಹಟಹಿಡಿಯುತ್ತಾಳೆ. ಪ್ರಾಣಿವಧೆಗೊಡಂಬಡದ ಮಗನು ಹಿಟ್ಟಿನ ಕೋಳಿಗೆ ಒಡಂಬಡುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ದಿಟವಾಗಿ ಕಂಡುದು ಕನಸೆನಿಸಿತು. ಹುಸಿಯಾಗಿ ಮಾಡಿದುದು ದಿಟವಾಯಿತು. ಹಿಟ್ಟಿಗೆ ಜೀವವಿರಲಿಲ್ಲ, ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪವೇ ತಾಯಿಮಗನನ್ನು ಭವಭವಗಳಲ್ಲಿ ತೊಳಲಿಸಿತು.

ಚಲಚ್ಚಿತ್ರದ ಬಿಂಬವೂ ಹಿಟ್ಟಿನ ಕೋಳಿಯಂತಹುದೇ. ರಷ್ಯದ ಲೆವ್ ಕುಲೆಷೋವ್ 1920ರ ಸುಮಾರಿಗೆ ನಡೆಸಿದನೆಂದು ಪ್ರಸಿದ್ಧವಾದ ಪ್ರಯೋಗದಲ್ಲಿ, ನಟನೊಬ್ಬನ ಭಾವರಹಿತವಾದ ಒಂದೇ ಮುಖವನ್ನು ಒಮ್ಮೆ ಊಟದ ಬಟ್ಟಲಿನೊಡನೆ, ಇನ್ನೊಮ್ಮೆ ಶವಪೆಟ್ಟಿಗೆಯೊಡನೆ ಜೋಡಿಸಲಾಯಿತು. ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಇನ್ನೊಮ್ಮೆ ಶೋಕವನ್ನೂ ಕಂಡರಂತೆ. ಮುಖದಲ್ಲಿಲ್ಲದ ಭಾವವನ್ನು ಕೊಟ್ಟವರು ನೋಡುವವರೇ. ‘ಸಂಕಲನ’, ‘ಸಂಕಲ್ಪ’ ಎಂಬ ಶಬ್ದಗಳ ಧಾತುಗಳು ಬೇರೆಯಾದರೂ, ನೋಡುವವನ ಸಂಕಲ್ಪವಿಲ್ಲದೆ ಸಂಕಲನವು ಫಲಿಸದು.

ಆದರೆ ಕಾವ್ಯಕ್ಕೂ ಚಿತ್ರಕ್ಕೂ ಒಂದು ಭೇದವುಂಟು. ಅರಸನು ಹೇಳಿದುದು ಕನಸಲ್ಲವೆಂಬುದನ್ನು ಜನ್ನನು ವಾಚಕರಿಗೆ ಮೊದಲೇ ತಿಳಿಸಿರುತ್ತಾನೆ. ತುಮಕೂರು ಸೀಮೆಯ ಮೂಡಲಪಾಯ ಬಯಲಾಟದಲ್ಲಿಯೂ ಕಥೆಯನ್ನು ನಡೆಸಲು ಭಾಗವತನಿರುತ್ತಾನೆ. ಚಿತ್ರದಲ್ಲಾದರೋ ಬಹುಮಟ್ಟಿಗೆ ಜೋಡಣೆಯೇ ಭಾಗವತ. ಅವನು ಮರೆಯಲ್ಲಿರುವುದರಿಂದ ಕೇಳುವವರಿಲ್ಲ. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಚಿತ್ರದಲ್ಲಿ, ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ದಾರಿ ತೋರುವ ಯುವಕನ ಬಾಳು ವರ್ಣದಲ್ಲಿಯೂ, ಅವನ ಕನಸೆನಿಸುವ ಚಿತ್ರನಟನ ಬಾಳು ಕಪ್ಪುಬಿಳುಪಿನಲ್ಲಿಯೂ ಬರುತ್ತವೆ. ಕೊನೆಯಲ್ಲಿ ನಟನ ಬಾಳೇ ಎಚ್ಚರ, ಬಣ್ಣದ ಬಾಳೇ ಕನಸೆಂದು ತಿಳಿಯುತ್ತದೆ. ಬಣ್ಣವನ್ನು ವಾಸ್ತವದ ಮುದ್ರೆಯೆಂದು ಬಗೆದವನ ಎಣಿಕೆ ತಲೆಕೆಳಗಾಗುತ್ತದೆ. ಮೋಸವೂ, ಮೋಸದ ಅರಿವೂ ಒಂದೇ ಜೋಡಣೆಯಿಂದ ದೊರೆಯುವುವು. ಇದೇ ಆ ಕೃತಿಯ ಹಿರಿಮೆ.

ಶಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪನವರು ಜನ್ನನ ಕಥೆಯನ್ನೇ ‘ಅಮೃತಮತಿ’ (2020) ಎಂಬ ಚಿತ್ರವಾಗಿಸಿ, ರಾಣಿಯ ಕಡೆಯಿಂದ ಅದನ್ನು ಪುನರ್ವಿಚಾರಿಸಿದರು. ಕಾವ್ಯದಲ್ಲಿ ಆ ರಾತ್ರಿಯು ಅರಸನ ಕಣ್ಣಿನೊಡನೆ ಜೋಡಣೆಗೊಂಡಿದೆ. ರಾಣಿಯ ಬಾಳಿನೊಡನೆ ಜೋಡಿಸಿದರೆ ಅದೇ ರಾತ್ರಿಯ ಅರ್ಥವು ಬೇರೆಯಾಗುವುದು. ಘಟನೆಯು ಬದಲಾಗಬೇಕಾದುದಿಲ್ಲ, ಅದರ ಹಿಂದುಮುಂದು ಬದಲಾದರೆ ತೀರ್ಪು ಬದಲಾಗುವುದು. ಹೆಣ್ಣೊಬ್ಬಳ ಶೀಲದ ವಿಷಯದಲ್ಲಿ ಇದು ಕೇವಲ ಕಲಾಪ್ರಶ್ನೆಯಲ್ಲವೆಂಬುದು ಸ್ಪಷ್ಟ.

ಆದುದರಿಂದ ಸಂಕಲನವು ಕನಸಿನಂತೆ ಎಂದಷ್ಟೇ ಹೇಳಿ ನಿಲ್ಲುವುದು ಸಾಲದು. ಕನಸನ್ನು ಕಟ್ಟುವವನೂ ಕಾಣುವವನೂ ಒಬ್ಬನೇ. ಚಿತ್ರವನ್ನು ಕಟ್ಟುವವರು ಬೇರೆ, ನಂಬುವವರು ಬೇರೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮಕ್ಕಳೂ ಇಂದು ಕೈಯಲ್ಲಿ ಹಿಡಿದ ಮೊಬೈಲಿನಲ್ಲಿ ದಿನವೂ ಇಂತಹ ಜೋಡಣೆಗಳನ್ನು ನೋಡುತ್ತಾರೆ. ಅವರಿಗೆ ಜನ್ನನನ್ನು ಪಾಠ ಹೇಳುವ ಅಧ್ಯಾಪಕರು, ಹಿಟ್ಟಿನ ಕೋಳಿ ಕೂಗಿತೆಂಬುದರ ಸ್ವಾರಸ್ಯವನ್ನು ವಿವರಿಸುವುದರೊಡನೆ, ಅದನ್ನು ಮಾಡಿಸಿದವರು ಯಾರು, ಕಡಿದವರು ಯಾರು ಎಂದೂ ಕೇಳಿಸತಕ್ಕುದು.