ಗಣಿತಸಾರಸಂಗ್ರಹವೂ ಕೊಪ್ಪಳದ ದಾನಶಾಸನಗಳೂ

ಎಂ. ರಂಗಾಚಾರ್ಯರು 1912ರಲ್ಲಿ 'ಗಣಿತಸಾರಸಂಗ್ರಹ'ವನ್ನು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಿಂದ ಹೊರತಂದ ಮೇಲೆ ಮಹಾವೀರಾಚಾರ್ಯ ಜಗತ್ತಿನ ಗಣಿತಚರಿತ್ರೆಯಲ್ಲಿ ಸೇರಿಕೊಂಡ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂಬ ಅವನ ಮಾತನ್ನು ಎಲ್ಲರೂ ಎತ್ತಿಹೇಳುತ್ತಾರೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂದದ್ದು ಮಾತ್ರ ತಪ್ಪು, ಅದನ್ನೂ ಹೇಳಬೇಕಲ್ಲ.

ನನ್ನ ತಕರಾರು ಬೇರೆ. ಆ ಪ್ರಕಟಣೆಯ ಪ್ರಭಾವ ಶಾಸನ ಓದುವ ನಮ್ಮ ತನಕ ಬರಲೇ ಇಲ್ಲ. ಕೃತಿಯ ಆರಂಭದಲ್ಲಿ ನೃಪತುಂಗನ ಸ್ತುತಿಯಿದೆ. ಅವನ ಆಸ್ಥಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡಿನಲ್ಲಿ ಕೊಪಣನಗರವನ್ನು ಹೆಸರಿಸುತ್ತದೆ. ಇಷ್ಟಕ್ಕೇ ಗಣಿತಜ್ಞ ನಮ್ಮ ಕೊಪ್ಪಳದವನೇ ಅನ್ನೋಕೆ ಮನಸ್ಸಾಗುತ್ತದೆ. ಬ್ಯಾಡ್ರಿ, ಅಷ್ಟು ದೂರ ಹೋಗುವ ಆಧಾರ ಅದಲ್ಲ.

ನಮಗೆ ಬೇಕಾದದ್ದು ಅವನ ಮಿಶ್ರಕವ್ಯವಹಾರ. ಅಲ್ಲಿ ಅಸಲು, ಬಡ್ಡಿ, ಕಾಲಗಳ ಲೆಕ್ಕ ತುಂಬಿದೆ. ಗದ್ಯಾಣ ಇಟ್ಟು ಅದರ ಬಡ್ಡಿಯಿಂದ ನಂದಾದೀಪ ನಡೆಸಿ ಅನ್ನುವ ದಾನಶಾಸನಗಳೂ ಕನ್ನಡದಲ್ಲಿ ಕಡಿಮೆಯಿಲ್ಲ. ಕೊಪ್ಪಳದ ಶಾಸನಗಳನ್ನು ಸಿ.ಆರ್. ಕೃಷ್ಣಮಾಚಾರ್ಲು 1935ರಲ್ಲಿ ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಆದರೂ ನಾವು ಅರಸ, ತಿಥಿ, ಗಣ, ಗಚ್ಛ ಇಷ್ಟನ್ನೇ ನೋಡ್ತೀವಿ. ಇಟಗಿಯ 1112ರ ಶಾಸನವೆಂದರೆ 'ದೇವಾಲಯ ಚಕ್ರವರ್ತಿ' ಎಂಬ ಮಾತಿಗೇ ಮುಗೀತು. ಮತ್ತರು, ಗದ್ಯಾಣ ಬಂದ ಕಡೆ 'ಇತ್ಯಾದಿ' ಬರೆದು ದಾಟೋದು; ನಾನೂ ಹಾಗೆ ದಾಟಿದವನೇ.

ಕಲ್ಲು ಸವೆದು ಅಂಕಿ ಅನುಮಾನಕ್ಕೆ ಬಿದ್ದಾಗ ಅಸಲು, ಕಾಲ, ದರ, ಬಡ್ಡಿಗಳಲ್ಲಿ ಮೂರು ಉಳಿದಿದ್ದರೆ ನಾಲ್ಕನೆಯದನ್ನು ತಾಳೆ ನೋಡಬಹುದು. ಅದರ ರೀತಿ ಮಹಾವೀರನಲ್ಲೇ ಇದೆ. ಪಾಠಸಂಪಾದನೆ ಮಾಡುವಾಗ ಆ ಪುಸ್ತಕ ಮೇಜಿನ ಮೇಲೆ ಇರಬೇಕಾಗಿತ್ತು.