ಹೇಳದೆ ಉಳಿದ ಕಥೆ

ಕಥೆಯು ಹೇಳತಕ್ಕ ವಸ್ತುವೇ ಹೊರತು ಬಚ್ಚಿಡತಕ್ಕ ವಸ್ತುವಲ್ಲವೆಂಬುದನ್ನು ಕಥೆಯ ರೂಪದಲ್ಲಿಯೇ ತಿಳಿಸುವ ಒಂದು ಸಣ್ಣ ಕಥೆ ಕನ್ನಡದಲ್ಲುಂಟು. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಅವರು ಇಂಗ್ಲಿಷಿಗೆ ತಂದ ಕನ್ನಡ ಕಥೆಗಳಲ್ಲಿ ಇದೂ ಒಂದು. ಇದರೊಳಗಿನ ದೀಪಗಳ ಸಭೆಯನ್ನು ಗಿರೀಶ ಕಾರ್ನಾಡರು 1988ರ ‘ನಾಗಮಂಡಲ’ದಲ್ಲಿ ಬಳಸಿಕೊಂಡುದರಿಂದ ಅಧ್ಯಾಪಕವರ್ಗಕ್ಕೆ ಇದು ಅಪರಿಚಿತವಲ್ಲ. ಪರಿಚಿತವಾದ ಮಾತ್ರಕ್ಕೆ ಸರಿಯಾಗಿ ವಿಚಾರಿಸಲ್ಪಟ್ಟಿದೆಯೆಂದು ಮಾತ್ರ ಹೇಳುವಂತಿಲ್ಲ.

ಕಥಾಸಾರವಿಷ್ಟು. ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಬರುತ್ತಿದ್ದುವು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿದ ಅವೆರಡೂ, ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದುವು. ಕಥೆಯು ಒಂದು ಜೊತೆ ಪಾದರಕ್ಷೆಯಾಗಿ ಬಾಗಿಲ ಹೊರಗೆ ಕುಳಿತಿತು. ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ತೂಗಿತು. ಮನೆಗೆ ಬಂದ ಗಂಡನು ಅವು ಯಾರವೆಂದು ಕೇಳಿದನು. ಆಕೆ ಅರಿಯೆನೆಂದಳು. ಜಗಳ ಹುಟ್ಟಿತು, ಆತನು ಸಿಟ್ಟಿನಿಂದ ಹನುಮಂತನ ಗುಡಿಗೆ ಹೋಗಿ ಮಲಗಿದನು. ನಂದಿಸಿದ ಮೇಲೆ ಊರ ದೀಪಗಳೆಲ್ಲ ಆ ಗುಡಿಯಲ್ಲಿ ನೆರೆಯುವ ವಾಡಿಕೆ. ಅಂದು ತಡವಾಗಿ ಬಂದ ಒಂದು ದೀಪವು, ತನ್ನ ಮನೆಯ ಜಗಳವನ್ನೂ ಅದರ ಕಾರಣವನ್ನೂ ಉಳಿದವಕ್ಕೆ ವಿವರಿಸಿತು. ಅದನ್ನು ಆಲಿಸಿದ ಗಂಡನು ಬೆಳಗಾಗುತ್ತಲೆ ಮನೆಗೆ ಬಂದು, ಆ ಕಥೆ ಯಾವುದು, ಆ ಹಾಡು ಯಾವುದು ಎಂದು ಕೇಳಿದನು. ಆಕೆಗೆ ಎರಡೂ ಮರೆತುಹೋಗಿದ್ದುವು.

ಕಥೆಗಳಿಗೆ ತಮ್ಮದೇ ಆದ ಜೀವವಿದೆ, ಹೇಳದೆ ತಡೆದರೆ ಅವು ಸೇಡು ತೀರಿಸಿಕೊಳ್ಳುವುವು ಎಂದು ರಾಮಾನುಜನ್ನರ ವ್ಯಾಖ್ಯಾನ. ಇದನ್ನು ತಳ್ಳಿಹಾಕಲು ನಾವು ಹೊರಟಿಲ್ಲ. ಆದರೆ ಈ ವ್ಯಾಖ್ಯಾನವನ್ನು ಅನುಸರಿಸಿದವರಲ್ಲಿ ಹೆಚ್ಚಿನವರು ಆ ಹೆಂಗಸನ್ನು ಜಿಪುಣಿಯೆಂದು ತಿಳಿದಂತಿದೆ. ಕಥೆಯಲ್ಲಿ ಅದಕ್ಕೆ ಆಧಾರವೆಲ್ಲಿ? ಆಕೆ ಹೇಳಲಿಲ್ಲವೆಂದು ಮಾತ್ರ ಇದೆ. ಯಾರಾದರೂ ಕೇಳಿದರೆಂದು ಇಲ್ಲ. ಆ ಮನೆಯಲ್ಲಿ ಆಕೆಯನ್ನು ಕೇಳಿದ ಮೊದಲ ಪ್ರಶ್ನೆಯೇ ಸಂಶಯದ ಪ್ರಶ್ನೆ. ಆಕೆಯ ಬಾಯಿಂದ ಹೊರಬಿದ್ದುದು ಗಂಡನ ಕಣ್ಣಿಗೆ ಪರಪುರುಷನ ಉಡುಪಾಗಿ ತೋರಿತೆಂಬ ಕಲ್ಪನೆಯ ತೀಕ್ಷ್ಣತೆಯನ್ನು ಗಮನಿಸಬೇಕು. ಕಥೆಯನ್ನು ಕುರಿತ ಪ್ರಶ್ನೆ ಬಂದುದು ಮರುದಿನ, ಹೊತ್ತು ಮೀರಿದ ಮೇಲೆ.

ಈ ಅಂಶವು ಐರ್ಲೆಂಡಿನ ಒಂದು ಕಥೆಯೊಡನೆ ಹೋಲಿಸಿದಾಗ ಸ್ಫುಟವಾಗುತ್ತದೆ. ಅದು ‘ಕಥೆಯಿಲ್ಲದ ಮನುಷ್ಯ’ನ ಕಥೆ, ಆ ದೇಶದಲ್ಲಿ ಅದಕ್ಕೆ ಪಾಠಾಂತರಗಳು ಹಲವು. ಪ್ರಸಿದ್ಧವಾದ ಒಂದು ಪಾಠದಲ್ಲಿ ಬುಟ್ಟಿ ಹೆಣೆಯುವವನೊಬ್ಬನು ಮಂಜಿನಲ್ಲಿ ದಾರಿತಪ್ಪಿ ವೃದ್ಧ ದಂಪತಿಗಳ ಮನೆಯನ್ನು ಸೇರುತ್ತಾನೆ. ಅವರು ಉಪಚರಿಸಿ ಕಥೆ ಹೇಳೆನ್ನುತ್ತಾರೆ. ತನಗೆ ಕಥೆ ಬಾರದೆನ್ನುತ್ತಾನೆ. ನೀರು ತರಲು ಬಾವಿಗೆ ಹೋದವನನ್ನು ಬಿರುಗಾಳಿ ಎತ್ತಿಕೊಂಡು ಹೋಗಿ ಒಂದು ಸಾವಿನ ಮನೆಯ ಬಳಿ ಕೆಡಹುತ್ತದೆ. ಪಿಟೀಲು ಬಾರದವನು ಅಲ್ಲಿ ಪಿಟೀಲು ಬಾರಿಸಬೇಕಾಗುತ್ತದೆ. ಪಾದ್ರಿಯಲ್ಲದವನು ಪೂಜೆ ನಡೆಸಬೇಕಾಗುತ್ತದೆ. ಭಯಪಟ್ಟು ಹಿಂದಿರುಗಿದವನಿಗೆ, ಇನ್ನು ಮೇಲೆ ಕಥೆ ಕೇಳಿದವರಿಗೆ ಹೇಳಲು ಇದಾಯಿತಲ್ಲ ಎಂಬ ಉತ್ತರ ದೊರೆಯುತ್ತದೆ. ಮೊದಲ ಕಥೆ ಮನೆಯೊಡೆಯನದು, ಮುಂದೆ ಬೆಳಗಿನವರೆಗೆ ಅತಿಥಿಯ ಸರದಿ ಎಂಬುದು ಆ ದೇಶದ ಹಳೆಯ ಸಂಪ್ರದಾಯ. ಅಲ್ಲಿ ಕೇಳುವವರು ಮೊದಲೇ ಸಿದ್ಧರಾಗಿದ್ದಾರೆ, ಕೊರತೆ ಕಥೆಯದು. ನಮ್ಮಲ್ಲಿ ಕಥೆಯಿದ್ದಿತು, ಕೇಳುವವರಿರಲಿಲ್ಲ. ಅವನು ಕಥೆಯನ್ನು ಪಡೆದು ಹೋದನು; ಇವಳು ಇದ್ದುದನ್ನೂ ಕಳೆದುಕೊಂಡಳು.

ಹಾಗೆಂದು ಐರ್ಲೆಂಡಿನಲ್ಲಿ ಕೇಳುವವರ ಅಭಾವವೇ ಇರಲಿಲ್ಲವೆಂದು ತಿಳಿಯಲಾಗದು. ಕೆರಿ ಪ್ರಾಂತದ ಷಾನ್ ಓ ಕೊನೆಲ್ ಎಂಬ ರೈತನಿಂದ ಡೆಲಾರ್ಜಿ ಪಂಡಿತರು 1923ರಿಂದ ಕಥೆಗಳನ್ನು ಬರೆದುಕೊಂಡರು. ಅವನು ತೀರಿಕೊಂಡುದು 1931ರಲ್ಲಿ. ಆ ಕಥೆಗಳು ಗ್ರಂಥವಾದುದು 1948ರಲ್ಲಿ. ಕೇಳುವ ಜನ ಇಲ್ಲವಾದಾಗ, ಮರೆತೀತೆಂಬ ಅಂಜಿಕೆಯಿಂದ ಅವನು ದನ ಕಾಯುತ್ತ ಕಲ್ಲಿನ ಗೋಡೆಗೂ, ಸಂತೆಯಿಂದ ಬರುವಾಗ ತನ್ನ ಬಂಡಿಯ ಬೆನ್ನಿಗೂ ಕೈಬಾಯಿ ಮಾಡಿ ಕಥೆ ಹೇಳುತ್ತಿದ್ದನಂತೆ. ನಮ್ಮ ಹೆಂಗಸಿಗೆ ಗೋಡೆಗೆ ಹೇಳುವ ಈ ಉಪಾಯವೂ ಹೊಳೆಯಲಿಲ್ಲ. 1935ರಲ್ಲಿ ಸ್ಥಾಪಿತವಾದ ಐರಿಷ್ ಜಾನಪದ ಆಯೋಗವು ಹಳ್ಳಿಹಳ್ಳಿಗೆ ಸಂಗ್ರಾಹಕರನ್ನು ಕಳುಹಿಸಿತು. 1937ರಿಂದ ಶಾಲೆಯ ಮಕ್ಕಳಿಗೇ ಹಿರಿಯರ ಬಳಿ ಕೇಳಿ ಬರೆದು ತರುವ ಕೆಲಸವನ್ನು ಒಪ್ಪಿಸಿತು. ಆ ಯೋಜನೆಯಲ್ಲಿ ನಮಗೆ ಹಿಡಿಸಿದುದು ಸಂಗ್ರಹದ ಗಾತ್ರವಲ್ಲ. ಮೊಮ್ಮಗನು ಅಜ್ಜಿಯನ್ನು ಕೇಳಲೇಬೇಕಾದ ಸಂದರ್ಭವನ್ನು ಅದು ಒದಗಿಸಿತೆಂಬುದು.

ಇನ್ನು ನಮ್ಮ ಕಡೆಗೆ ಬರೋಣ. ಘೋಡಗೇರಿಯೂ ಅದರ ಸುತ್ತಿನ ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯೂ ಪಾರಿಜಾತದ ನಾಡು. ಕುಲಗೋಡ ತಮ್ಮಣ್ಣನ ಹೆಸರು ಶ್ರೀಕೃಷ್ಣ ಪಾರಿಜಾತದೊಡನೆ ಬೆರೆತಿರುವುದೂ, ಕೌಜಲಗಿ ನಿಂಗಮ್ಮನು ಅದನ್ನಾಡಿ ಕೀರ್ತಿ ಪಡೆದುದೂ ಇಲ್ಲಿಯೇ. ಈ ಆಟದಲ್ಲಿ ಭಾಗವತನು ಪಾತ್ರಗಳನ್ನು ಪದೇಪದೇ ಪ್ರಶ್ನಿಸುತ್ತಾನೆ. ಪ್ರಶ್ನೆಯಿಲ್ಲದೆ ಕಥೆ ಮುಂದೆ ಸಾಗುವುದೇ ಇಲ್ಲ. ಗೀಗೀ ಮೇಳದಲ್ಲಿ ಹಿಂದಿನವರು ಸೊಲ್ಲೆತ್ತಿ ಹಿಡಿಯುತ್ತಾರೆ. ಹರದೇಶಿ-ನಾಗೇಶಿಯವರಂತೂ ಒಬ್ಬರ ಸವಾಲನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಲೇಬೇಕು, ಇಲ್ಲದಿದ್ದರೆ ಸೋಲು. ಹೀಗೆ ಬಯಲಿನ ಕಲೆಯು ಕೇಳುವವನನ್ನು ತನ್ನೊಳಗೇ ಕಟ್ಟಿಕೊಂಡಿದೆ. ಒಳಮನೆಯ ಕಥೆಗೆ ಆ ಭದ್ರತೆಯಿಲ್ಲ. ಅದು ನಿಂತಿರುವುದು ಮಲಗಿದ ಮಗುವಿನ ಒಂದು ‘ಹ್ಞೂಂ’ ಮೇಲೆ. ಮಗು ನಿದ್ದೆಹೋದರೆ ಕಥೆಯೂ ಅಲ್ಲಿಗೇ ನಿಂತಿತು.

ಬೀಸುಕಲ್ಲಿನ ಹಾಡಿಗೆ ಜತೆಗಾತಿಯೊಬ್ಬಳು ಇರುತ್ತಿದ್ದುದರಿಂದಲೋ ಏನೋ ಅದರ ಸ್ಥಿತಿ ಕೊಂಚ ಮೇಲು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ನಾಡು ಅದನ್ನು ಆದರದಿಂದ ಬರಮಾಡಿಕೊಂಡಿತು. ಗರತಿಯ ಕಥೆಗೆ ಆ ಭಾಗ್ಯ ಅಷ್ಟು ಬೇಗ ಬರಲಿಲ್ಲ. ಸಂಗ್ರಹಗಳು ಬಂದ ಮೇಲೆಯೂ ನಮ್ಮ ಸಂಪಾದಕರು ಹೇಳಿದವರ ಹೆಸರನ್ನು ಕೊಡುವುದುಂಟು, ಊರನ್ನು ಕೊಡುವುದುಂಟು. ಆ ಹೊತ್ತಿನಲ್ಲಿ ಯಾರು ಕುಳಿತು ಕೇಳುತ್ತಿದ್ದರು, ಯಾವ ಮಾತಿಗೆ ಯಾರು ನಕ್ಕರು, ಯಾರು ಅಡ್ಡಬಾಯಿ ಹಾಕಿದರು ಎಂಬುದನ್ನು ಬರೆಯುವವರು ವಿರಳ. ಈ ವಿವರಗಳು ಪಾಠದ ಹೊರಗಿನವೆಂದು ಬಿಡುವ ಪದ್ಧತಿಯನ್ನು ನಾವು ಒಪ್ಪಲಾರೆವು.

ಕಡೆಗೆ ದೀಪದ ವಿಷಯ. ಕಥೆಯಲ್ಲಿ ಎಲ್ಲವನ್ನೂ ಬಲ್ಲುದು ಅದೊಂದೇ. ಗಂಡಹೆಂಡಿರ ಜಗಳ ಮುಗಿದು ಯಾರಾದರೂ ನಂದಿಸುವವರೆಗೆ ಅದಕ್ಕೆ ಹೊರಡುವ ಅನುಕೂಲವಿರಲಿಲ್ಲ. ಆದಕಾರಣ ಉಳಿಯಿತು, ಕೇಳಿತು, ಗುಡಿಗೆ ತಡವಾಗಿ ಬಂದಿತು. ಆದರೂ ಉಳಿದ ದೀಪಗಳಿಗೆ ಅದು ಹೇಳಿದುದು ಜಗಳದ ಸಂಗತಿಯನ್ನು ಮಾತ್ರ. ಆ ಹೆಂಗಸಿನ ಕಥೆ ಏನಿತ್ತೆಂಬುದು ದೀಪದ ಬಾಯಲ್ಲಿಯೂ ಇಲ್ಲ, ನಮಗೆ ದೊರೆತ ಪಾಠದಲ್ಲಿಯೂ ಇಲ್ಲ.