ಜಾವಾ ಭಾಷೆಯ ಇಂಟರ್‌ಫೇಸ್: ಮಾತು ಮತ್ತು ನಡೆ

ಕೆಂಗಲ್ಲಿಗೆ ಸಮೀಪದ ಚನ್ನಪಟ್ಟಣವು ಅರಗಿನ ಬಣ್ಣದ ಮರದ ಆಟಿಕೆಗಳಿಗೆ ಹೆಸರಾದುದು. ಅಲ್ಲಿಯ ಪುಟ್ಟ ಗಾಡಿಯೊಂದನ್ನು ಕೈಗೆತ್ತಿಕೊಂಡರೆ, ಗಾಲಿಯ ರಂಧ್ರವು ಅಚ್ಚಿನ ಅಳತೆಗೆ ಹೊಂದಿದೆಯೇ ಎಂಬುದು ಒಂದು ಪ್ರಶ್ನೆ. ಹೊಂದಿದ ಗಾಲಿಯು ತಿರುಗುವುದೇ ಎಂಬುದು ಮತ್ತೊಂದು. ಜಾವಾ ಭಾಷೆಯ ಇಂಟರ್‌ಫೇಸನ್ನು 'ಕರಾರು' ಎಂದಷ್ಟೇ ಹೇಳಿ ಮುಗಿಸುವ ಪಾಠವು ಈ ಎರಡನ್ನೂ ಒಂದಾಗಿಸುತ್ತದೆ. ಆ ಲಕ್ಷಣವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

1998ರಲ್ಲಿ ಜಾವಾದ 1.2ನೆಯ ಆವೃತ್ತಿಯೊಡನೆ ಬಂದ 'ಲಿಸ್ಟ್' ಎಂಬ ಇಂಟರ್‌ಫೇಸಿನಲ್ಲಿ, ಪಟ್ಟಿಗೆ ಹೊಸ ಅಂಶವನ್ನು ಸೇರಿಸುವ 'ಆ್ಯಡ್' ಎಂಬ ಮೆಥಡ್ ಇದೆ. 'ಅರೇಸ್.ಆ್ಯಸ್‌ಲಿಸ್ಟ್' ಕೊಡುವುದೂ ಲಿಸ್ಟೇ. ಆದರೆ ಅದರಲ್ಲಿ ಇರುವ ಅಂಶವನ್ನು ಬದಲಿಸಬಹುದೇ ಹೊರತು ಹೊಸದನ್ನು ಸೇರಿಸಲಾಗದು. ಸೇರಿಸಹೋದರೆ ಪ್ರೋಗ್ರಾಂ ಓಡುತ್ತಿರುವಾಗಲೇ ದೋಷವುಂಟಾಗುತ್ತದೆ. 2017ರ 9ನೆಯ ಆವೃತ್ತಿಯಲ್ಲಿ ಬಂದ 'ಲಿಸ್ಟ್.ಆಫ್' ಬದಲಾವಣೆಯನ್ನೂ ಸಹಿಸದು. ಕಂಪೈಲರಾದರೋ ಇವೆಲ್ಲವನ್ನೂ ನಿರಾಕ್ಷೇಪವಾಗಿ ಅಂಗೀಕರಿಸುತ್ತದೆ. ಮೆಥಡ್ಡಿನ ಹೆಸರು, ಪ್ಯಾರಾಮೀಟರುಗಳು, ಫಲದ ಟೈಪು ಮುಂತಾದ ಹೊರ ಅಳತೆಯನ್ನು ಅದು ನೋಡುತ್ತದೆ, ನಡೆಯನ್ನು ನೋಡುವುದಿಲ್ಲ.

ಬದಲಾಗುವ, ಬದಲಾಗದ, ಬೆಳೆಯುವ, ಬೆಳೆಯದ ಪಟ್ಟಿಗಳಿಗೆಲ್ಲ ಪ್ರತ್ಯೇಕ ಇಂಟರ್‌ಫೇಸುಗಳನ್ನು ಕೊಟ್ಟರೆ ಅವುಗಳ ಸಂಖ್ಯೆ ಮಿತಿಮೀರುವುದೆಂದು ರಚನಕಾರರು ಸಮಾಧಾನ ಹೇಳಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಲಿಸ್ಟಿನ ವಿವರಣೆಯಲ್ಲಿಯೂ ಆ್ಯಡ್ ಐಚ್ಛಿಕವೆಂದೇ ಬರೆದಿದೆ. ಆದರೆ ಪಾಲಿಸುವುದು ಐಚ್ಛಿಕವಾದ ಮಾತನ್ನು ಕರಾರೆಂದು ಕರೆಯುವುದೆಂತು?

ಎರಡನೆಯ ನಿದರ್ಶನ ಇನ್ನೂ ಸೂಕ್ಷ್ಮವಾದುದು. ಹ್ಯಾಶ್‌ಸೆಟ್, ಟ್ರೀಸೆಟ್ ಎಂಬ ಎರಡು ಕ್ಲಾಸುಗಳೂ 'ಸೆಟ್' ಎಂಬ ಒಂದೇ ಇಂಟರ್‌ಫೇಸನ್ನು ಒಪ್ಪಿಕೊಂಡಿವೆ. 2.0 ಮತ್ತು 2.00 ಎಂಬ ಎರಡು ಬಿಗ್‌ಡೆಸಿಮಲ್ ಸಂಖ್ಯೆಗಳನ್ನು ಹಾಕಿದರೆ ಹ್ಯಾಶ್‌ಸೆಟ್ಟಿನಲ್ಲಿ ಎರಡು ಉಳಿಯುತ್ತವೆ, ಟ್ರೀಸೆಟ್ಟಿನಲ್ಲಿ ಒಂದೇ. ಕಾರಣವಿಷ್ಟೆ: ಮೊದಲನೆಯದು ಬಳಸುವ 'ಈಕ್ವಲ್ಸ್' ದಶಮಾಂಶ ಸ್ಥಾನಗಳನ್ನೂ ಎಣಿಸುತ್ತದೆ, ಎರಡನೆಯದು ಬಳಸುವ 'ಕಂಪೇರ್‌ಟು' ಬೆಲೆಯನ್ನು ಮಾತ್ರ ತೂಗುತ್ತದೆ. ಇವೆರಡೂ ಹೊಂದಿರಬೇಕೆಂಬುದು ಬಲವಾದ ಸಲಹೆಯೇ ಹೊರತು ಕಡ್ಡಾಯವಲ್ಲ. ಇಲ್ಲಿ ದೋಷದ ಸೂಚನೆಯೂ ಬರುವುದಿಲ್ಲ. ಗಾಲಿ ತಿರುಗುತ್ತದೆ, ಗಾಡಿ ಮಾತ್ರ ಬೇರೆ ಊರು ಸೇರುತ್ತದೆ. ಲೆಕ್ಕಪತ್ರದ ಪ್ರೋಗ್ರಾಮಿನಲ್ಲಿ ಇಂಥ ಮೌನವೇ ಹೆಚ್ಚು ಅಪಾಯಕರ.

ಆದಕಾರಣ ಇಂಟರ್‌ಫೇಸನ್ನು ತ್ಯಜಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಕಂಪೈಲರ್ ಕಾಯುವ ಅಂಶ ಯಾವುದು, ವಿವರಣೆಯಲ್ಲಿ ಮಾತ್ರ ಇರುವ ಅಂಶ ಯಾವುದು ಎಂಬ ವಿವೇಚನೆಯು ಪಾಠದಲ್ಲಿ ಬರಬೇಕು. ಎರಡನೆಯದನ್ನು ಓದಿ, ಪರೀಕ್ಷಿಸಿ ತಿಳಿಯಬೇಕಲ್ಲದೆ ಬೇರೆ ದಾರಿಯಿಲ್ಲ. ಲಕ್ಷಣವನ್ನು ಬರೆಯಿರೆಂದು ಕೇಳುವ ಬದಲು, ಮೇಲಿನ ಎರಡು ಸೆಟ್ಟುಗಳ ಎಣಿಕೆ ಏಕೆ ಬೇರೆಯಾಯಿತೆಂದು ಅಧ್ಯಾಪಕರು ಒಮ್ಮೆ ಕೇಳಿ ನೋಡಲಿ. ವಿದ್ಯಾರ್ಥಿಯ ನಿಜವಾದ ತಿಳಿವಳಿಕೆ ಆ ಉತ್ತರದಲ್ಲಿ ಹೊರಬೀಳುತ್ತದೆ.